ಹದಿನಾರರ ತಪ್ಪಿಗೆ ಎಷ್ಟು ಆಯಸ್ಸು?

ಬೈಕ್ ಕದ್ದು ಸಿಕ್ಕಿಬಿದ್ದ ಇಬ್ಬರು ಹುಡುಗರಿದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ಹದಿನಾರು ವರ್ಷ, ಇಬ್ಬರ ಮೇಲೂ ಒಂದೇ ಕಲಂ. ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಅವರನ್ನು ನೋಡಿ ಯಾರು ಎಂಥವರು ಎಂದು ಹೇಳಲು ಪೊಲೀಸರಿಗೆ ಆಗದು, ಮ್ಯಾಜಿಸ್ಟ್ರೇಟರಿಗೂ ಆಗದು. ಹತ್ತು ವರ್ಷ ಕಳೆದ ಮೇಲೆ ಒಬ್ಬ ಎಲ್ಲೋ ಕೆಲಸಕ್ಕೆ ಸೇರಿ, ಮದುವೆಯಾಗಿ, ಹಳೆಯದನ್ನು ಯಾರಾದರೂ ಎತ್ತಿದರೆ ನಾಚಿಕೊಳ್ಳುತ್ತಾನೆ. ಇನ್ನೊಬ್ಬ ಜೈಲಿಗೆ ಹೋಗುತ್ತಾ ಬರುತ್ತಾ ಇರುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಎಲ್ಲಿತ್ತು? ಅವರು ಮಾಡಿದ ಕಳ್ಳತನದಲ್ಲಂತೂ ಇರಲಿಲ್ಲ.

ಈ ಪ್ರಶ್ನೆಯನ್ನು ಹಿಡಿದು ನಾಲ್ಕು ದಶಕ ಕೆಲಸ ಮಾಡಿದವರು ಟೆರಿ ಮಾಫಿಟ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಅವರ ಕೆಲಸ ನಡೆದಿದೆ. 1993ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಬಾಲಾಪರಾಧದ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಅಪರಾಧಶಾಸ್ತ್ರದಲ್ಲಿ ದೊಡ್ಡ ಗೌರವವಾದ ಸ್ಟಾಕ್‌ಹೋಮ್ ಪ್ರಶಸ್ತಿ 2007ರಲ್ಲಿ ಅವರಿಗೂ ಆಲ್ಫ್ರೆಡ್ ಬ್ಲುಮ್‌ಸ್ಟೀನ್ ಅವರಿಗೂ ಸಂದಿತು. ಮಾಫಿಟ್ ಅವರ ಹೆಸರು ನಮ್ಮಲ್ಲಿ ಮನಶ್ಶಾಸ್ತ್ರದ ತರಗತಿ ದಾಟಿ ಹೊರಗೆ ಬಂದದ್ದು ಕಡಿಮೆ. ಎಲ್ಲೋ ಒಂದು ಭೀಕರ ಘಟನೆ ನಡೆದು ಅದರಲ್ಲಿ ಅಪ್ರಾಪ್ತನೊಬ್ಬ ಇದ್ದಾನೆ ಎಂದು ಗೊತ್ತಾದಾಗ ಮಾತ್ರ ನಾವು ಬಾಲಾಪರಾಧದ ಬಗ್ಗೆ ಮಾತಾಡುತ್ತೇವೆ. ಆ ಸಿಟ್ಟಿನ ಹೊತ್ತಿನಲ್ಲಿ ಸಂಶೋಧನೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಸಿಟ್ಟಿಲ್ಲದ ದಿನವೇ ಅದನ್ನು ಓದಿಕೊಳ್ಳಬೇಕು ಎಂಬುದು ನನ್ನ ನಂಬಿಕೆ.

ವಯಸ್ಸಿಗೂ ಅಪರಾಧಕ್ಕೂ ನಂಟಿದೆ ಎನ್ನುವುದು ಹಳೆಯ ಸಂಗತಿ. ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ 1831ರಲ್ಲೇ ಅದನ್ನು ಅಂಕಿಅಂಶ ಸಮೇತ ತೋರಿಸಿದ್ದರು. ಅಪರಾಧ ಮಾಡುವವರ ಸಂಖ್ಯೆ ಹದಿಹರೆಯದಲ್ಲಿ ಸರ್ರನೆ ಏರುತ್ತದೆ, ಹದಿನೇಳರ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ಅಷ್ಟೇ ವೇಗವಾಗಿ ಇಳಿಯುತ್ತದೆ. ಪಾಶ್ಚಾತ್ಯ ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿ ಮಾಫಿಟ್ ಬರೆದಂತೆ, ಇಪ್ಪತ್ತರ ಆರಂಭದ ಹೊತ್ತಿಗೇ ಇವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. 28 ತುಂಬುವಷ್ಟರಲ್ಲಿ ಸುಮಾರು ಶೇ 85ರಷ್ಟು ಮಂದಿ ಅಪರಾಧ ಬಿಟ್ಟಿರುತ್ತಾರೆ.

ಇನ್ನೊಂದು ಲೆಕ್ಕ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಫಿಲಡೆಲ್ಫಿಯಾ ನಗರದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರ ಪೊಲೀಸ್ ದಾಖಲೆಗಳನ್ನು ಮಾರ್ವಿನ್ ವುಲ್ಫ್‌ಗಾಂಗ್ ಮತ್ತು ಸಂಗಡಿಗರು ಜಾಲಾಡಿದರು. ಅವರಲ್ಲಿ ಬರೀ ಶೇ 6ರಷ್ಟು ಹುಡುಗರು ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡಿದ್ದರು. ಹಾಗಾದರೆ ಯಾವುದನ್ನು ನಂಬುವುದು? ಹದಿಹರೆಯದ ಪುಂಡಾಟ ತಾನಾಗಿ ಇಳಿಯುತ್ತದೆ ಎಂದೋ, ಕೆಲವರಲ್ಲಿ ಅದು ಇಳಿಯುವುದೇ ಇಲ್ಲ ಎಂದೋ? ಎರಡೂ ನಿಜ ಎಂದರು ಮಾಫಿಟ್. ಏಕೆಂದರೆ ಹದಿನಾರರಲ್ಲಿ ಒಂದೇ ಗುಂಪಿನಂತೆ ಕಾಣುವವರು ನಿಜಕ್ಕೂ ಎರಡು ಬೇರೆ ಗುಂಪಿನವರು. ಒಬ್ಬರ ದಾರಿ ಹದಿಹರೆಯದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಇನ್ನೊಬ್ಬರದು ತೊಟ್ಟಿಲು ಬಿಟ್ಟ ಕೆಲವೇ ವರ್ಷಗಳಲ್ಲಿ ಶುರುವಾಗಿರುತ್ತದೆ.

ಈ ಮಾತನ್ನು ಒರೆಗೆ ಹಚ್ಚಲು ಒಂದೇ ದಾರಿಯಿತ್ತು. ಮಕ್ಕಳು ಇನ್ನೂ ಏನೂ ಮಾಡಿರದ ವಯಸ್ಸಿನಿಂದಲೇ ಅವರನ್ನು ಹಿಂಬಾಲಿಸಬೇಕು. ಅಂಥ ಅಧ್ಯಯನ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಆಗಲೇ ನಡೆಯುತ್ತಿತ್ತು. ಕ್ರಿಕೆಟ್ ನೋಡುವವರಿಗೆ ಆ ಊರಿನ ಹೆಸರು ಗೊತ್ತಿರುತ್ತದೆ. ದೇಶದ ದಕ್ಷಿಣ ದ್ವೀಪದ ಕಡಲಂಚಿನ ವಿಶ್ವವಿದ್ಯಾಲಯದ ಊರು. ಅಲ್ಲಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಹುಟ್ಟಿದ ಮಕ್ಕಳಲ್ಲಿ 1,037 ಮಂದಿಯನ್ನು ಮೂರು ವರ್ಷ ತುಂಬಿದಾಗ ಪರೀಕ್ಷೆಗೆ ಕರೆತರಲಾಯಿತು. ಆರಂಭಿಸಿದವರು ಫಿಲ್ ಸಿಲ್ವಾ. ಆಮೇಲೆ 5, 7, 9, 11, 13, 15, 18, 21 ಹೀಗೆ ಮತ್ತೆ ಮತ್ತೆ ಅದೇ ಮಕ್ಕಳನ್ನು ಕರೆದರು. ಮಾಫಿಟ್ ಈ ತಂಡ ಸೇರಿದ್ದು 1980ರ ದಶಕದ ನಡುವಿನಲ್ಲಿ, ಮಕ್ಕಳು ಸರಿಯಾಗಿ ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ. ಮುಂದೆ ಅವರ ಬಾಳಸಂಗಾತಿಯೂ ಸಹಸಂಶೋಧಕರೂ ಆದ ಅವ್ಶಲೋಮ್ ಕ್ಯಾಸ್ಪಿ ಜೊತೆಗೂಡಿದರು.

ಇಂಥ ಅಧ್ಯಯನಗಳಲ್ಲಿ ಜನ ಅರ್ಧದಲ್ಲೇ ಕಳಚಿಕೊಳ್ಳುವುದು ಸಾಮಾನ್ಯ. ಅದರಲ್ಲೂ ಮೊದಲು ಕಳಚಿಕೊಳ್ಳುವವರು ಜೈಲು, ಕುಡಿತ, ಅಲೆದಾಟದಲ್ಲಿ ಸಿಕ್ಕವರು. ಅವರೇ ಇಲ್ಲದ ಮೇಲೆ ಅಪರಾಧದ ಅಧ್ಯಯನಕ್ಕೆ ಅರ್ಥವಿಲ್ಲ. ಡುನೆಡಿನ್ ತಂಡ ಇದಕ್ಕೆ ಎಡೆಗೊಡಲಿಲ್ಲ. ಯಾವ ದೇಶಕ್ಕೆ ವಲಸೆ ಹೋಗಿದ್ದರೂ ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಂಡಿತು. ಬಂದವರು ಇಡೀ ದಿನ ಕೂರಬೇಕು: ರಕ್ತ, ಹಲ್ಲು, ಹೃದಯ, ನೆನಪಿನ ಶಕ್ತಿ, ಸಂಸಾರ, ಸಾಲ, ಮತ್ತು ಯಾರಿಗೂ ಸಿಕ್ಕದೆ ಮಾಡಿದ ತಪ್ಪುಗಳು. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಇದ್ದುದರಿಂದ ಅವರು ಹೇಳಿದರು. 45ನೇ ವಯಸ್ಸಿನ ಸುತ್ತಿಗೆ, ಆಗ ಬದುಕಿದ್ದವರಲ್ಲಿ ಶೇ 94ರಷ್ಟು ಮಂದಿ ಬಂದಿದ್ದರು.

ಮೂರನೇ ವಯಸ್ಸಿನ ಪರೀಕ್ಷೆ ಹೀಗಿತ್ತು. ಮಗುವಿನ ಗುರುತೇ ಇಲ್ಲದ ಪರೀಕ್ಷಕರೊಬ್ಬರು ಸುಮಾರು 90 ನಿಮಿಷ ಅದರೊಂದಿಗೆ ಇದ್ದು, ಮಾತು, ತಿಳಿವಳಿಕೆ, ಕೈಕಾಲಿನ ಹಿಡಿತದ ಸಣ್ಣಸಣ್ಣ ಪರೀಕ್ಷೆ ಮಾಡುತ್ತಾರೆ. ಮುಗಿದ ಮೇಲೆ ಮಗು ಹೇಗಿತ್ತು ಎಂದು ಬರೆದಿಡುತ್ತಾರೆ: ಒಂದು ಕಡೆ ಕೂತಿತೇ, ಹಿಡಿದ ಆಟ ಬಿಟ್ಟು ಇನ್ನೊಂದಕ್ಕೆ ಹಾರಿತೇ, ಆಗದಿದ್ದಾಗ ಸಿಡುಕಿತೇ, ಮುದುಡಿತೇ. ಅಷ್ಟೇ. ಹತ್ತರಲ್ಲಿ ಒಂದು ಮಗು ಚಂಚಲ, ಸಿಡುಕು, ಹಿಡಿತಕ್ಕೆ ಸಿಗದ್ದು ಎಂಬ ಗುಂಪಿಗೆ ಸೇರಿತು. ಹದಿನೆಂಟು ವರ್ಷಗಳ ನಂತರ ಲೆಕ್ಕ ಹಾಕಿದಾಗ, ಕಾನೂನಿನ ಜೊತೆ ಜಗಳಕ್ಕೆ ಬಿದ್ದವರಲ್ಲಿ ಈ ಗುಂಪಿನ ಮಕ್ಕಳ ಪಾಲು ಉಳಿದವರಿಗಿಂತ ಹೆಚ್ಚಿತ್ತು.

ಹದಿಮೂರಕ್ಕೆ ಬಂದಾಗ ಇನ್ನೊಂದು ಬಗೆಯ ಪರೀಕ್ಷೆ. ಹದಿನೈದು ಪದಗಳನ್ನು ಒಂದೊಂದಾಗಿ ಓದಿ ಹೇಳುತ್ತಾರೆ, ಹುಡುಗ ನೆನಪಿದ್ದಷ್ಟನ್ನು ಒಪ್ಪಿಸಬೇಕು. ಮತ್ತೆ ಅದೇ ಪಟ್ಟಿ, ಮತ್ತೆ ಒಪ್ಪಿಸುವುದು. ನಡುವೆ ಬೇರೆ ಪಟ್ಟಿ ತಂದು ಗೊಂದಲ ಹಚ್ಚುತ್ತಾರೆ. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ, ಮಾತನ್ನು ಬಳಸುವ ಈ ಶಕ್ತಿಯಲ್ಲಿ ತೀರ ಹಿಂದೆ ಬಿದ್ದ ಹುಡುಗರು, ಚಿಕ್ಕಂದಿನಿಂದ ತಂಟೆಕೋರರೂ ಆಗಿದ್ದರೆ, ಹದಿನೆಂಟರ ಹೊತ್ತಿಗೆ ಹೆಚ್ಚು ಅಪರಾಧಗಳಲ್ಲಿ ಸಿಕ್ಕಿದ್ದರು. ಮಾಫಿಟ್ ಸಂಶೋಧನೆಯಲ್ಲಿ ನನ್ನನ್ನು ಬಹುವಾಗಿ ಕಾಡುವ ಭಾಗ ಇದೇ. ಮಾತು ಬಾರದ ಮಗು ತನ್ನ ಸಿಟ್ಟಿಗೆ ಹೆಸರಿಡಲಾರದು. ‘ತಡಿ, ಈಗ ಹೊಡೆದರೆ ಏನಾಗುತ್ತದೆ’ ಎಂದು ತನ್ನೊಳಗೇ ಹೇಳಿಕೊಳ್ಳಲಾರದು. ಆಟದಲ್ಲಿ ಮೋಸವಾದರೆ ವಾದಿಸಿ ಗೆಲ್ಲಲಾರದು. ತರಗತಿಯಲ್ಲಿ ಓದಲು ಬಾರದೆ ಬೈಸಿಕೊಳ್ಳುತ್ತದೆ, ಕೊನೆಗೆ ಕೈ ಎತ್ತುತ್ತದೆ. ನಾವು ಅದಕ್ಕೆ ಹಠಮಾರಿ ಎಂದು ಹೆಸರಿಟ್ಟು, ಇನ್ನೊಂದು ಏಟು ಹಾಕಿ, ಹಿಂದಿನ ಬೆಂಚಿಗೆ ಕಳಿಸುತ್ತೇವೆ.

ಇದು ಮೊದಲ ದಾರಿ, ಬಾಲ್ಯದಲ್ಲೇ ಶುರುವಾಗುವುದು. ಹುಟ್ಟಿನಲ್ಲೋ ಗರ್ಭದಲ್ಲೋ ಆದ ಸೂಕ್ಷ್ಮ ತೊಂದರೆ, ಪೌಷ್ಟಿಕತೆಯ ಕೊರತೆ, ಏಟು, ವಂಶದಿಂದ ಬಂದ ಸ್ವಭಾವ ಎಲ್ಲ ಸೇರಿ ಮಗು ಕಷ್ಟದ ಮಗುವಾಗುತ್ತದೆ. ಅಂಥ ಮಗುವಿಗೆ ಎಲ್ಲರಿಗಿಂತ ತಾಳ್ಮೆಯ ಮನೆ ಬೇಕು. ದುರದೃಷ್ಟವೆಂದರೆ ಅದು ಬೆಳೆಯುವುದು ಅನೇಕ ಸಲ ತಾಳ್ಮೆ ಉಳಿದಿರದ ಮನೆಯಲ್ಲಿ: ಬಡತನ, ಕುಡಿತ, ಹೊಡೆದಾಟ, ತಾವೇ ಅದೇ ಸ್ವಭಾವ ಹೊತ್ತ ತಂದೆತಾಯಿ. ಮಗು ಮನೆಯನ್ನು ಕೆಣಕುತ್ತದೆ, ಮನೆ ಮಗುವನ್ನು ಕೆಣಕುತ್ತದೆ. ನಾಲ್ಕರಲ್ಲಿ ಕಚ್ಚುತ್ತಿದ್ದವನು ಹತ್ತರಲ್ಲಿ ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಹದಿನಾರರಲ್ಲಿ ವಾಹನ ಕದಿಯುತ್ತಾನೆ, ಮುಂದೆ ಮನೆಯೊಳಗೇ ಹೆಂಡತಿ ಮಕ್ಕಳ ಮೇಲೆ ಕೈ ಮಾಡುತ್ತಾನೆ. ಡುನೆಡಿನ್‌ನಲ್ಲಿ 26ರ ವಯಸ್ಸಿನಲ್ಲಿ ಎಣಿಸಿದಾಗ ಗಂಡುಮಕ್ಕಳಲ್ಲಿ ಶೇ 10ರಷ್ಟು ಮಂದಿ ಈ ದಾರಿಯಲ್ಲಿದ್ದರು. ಹಿಂಸೆಯ ಪ್ರಕರಣಗಳಲ್ಲಿ ಆದ ಶಿಕ್ಷೆಗಳಲ್ಲಿ ಅವರ ಪಾಲು ಅವರ ಸಂಖ್ಯೆಯ ಐದು ಪಟ್ಟು.

ಎರಡನೆಯ ದಾರಿ ತೀರ ಬೇರೆ. ಈ ಮಕ್ಕಳ ಬಾಲ್ಯದಲ್ಲಿ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಹನ್ನೆರಡು ಹದಿಮೂರರವರೆಗೆ ಎಲ್ಲರ ಮನೆಯ ಮಕ್ಕಳಂತೆಯೇ ಇದ್ದವರು. ಆಮೇಲೆ ಒಮ್ಮೆಲೇ ಸುಳ್ಳು, ಸಿಗರೇಟು, ರಾತ್ರಿ ತಿರುಗಾಟ, ಅಂಗಡಿ ಕಳ್ಳತನ, ಕುಡಿತ. ಮಾಫಿಟ್ ಇದಕ್ಕೆ ಕೊಟ್ಟ ವಿವರಣೆ ಸರಳ. ಇಂದಿನ ಕಾಲದಲ್ಲಿ ಮೈ ಬೇಗ ದೊಡ್ಡದಾಗುತ್ತದೆ, ಬದುಕು ತಡವಾಗಿ ದೊಡ್ಡದಾಗುತ್ತದೆ. ಹದಿನೈದಕ್ಕೆ ಮೀಸೆ ಮೂಡಿ ಗಂಟಲು ಒಡೆದವನಿಗೆ ತನ್ನದು ಎಂಬ ದುಡ್ಡು, ಕೆಲಸ, ತೀರ್ಮಾನ, ಸಂಗಾತಿ ಸಿಗಲು ಇನ್ನೂ ಎಂಟು ಹತ್ತು ವರ್ಷ ಬೇಕು. ಆ ಖಾಲಿ ವರ್ಷಗಳಲ್ಲಿ, ಓರಗೆಯವರಲ್ಲಿ ಯಾರು ದೊಡ್ಡವರಂತೆ ಕಾಣುತ್ತಾರೆ ಎಂದು ಅವನು ಹುಡುಕುತ್ತಾನೆ. ಕಾಣುವವನು ಆ ಮೊದಲ ದಾರಿಯ ಹುಡುಗನೇ. ಅವನ ಕೈಯಲ್ಲಿ ದುಡ್ಡಿದೆ, ಬೈಕ್ ಇದೆ, ಅಪ್ಪನ ಮಾತಿಗೆ ಅಂಜುವುದಿಲ್ಲ. ನಿನ್ನೆಯವರೆಗೆ ಯಾರೂ ಜೊತೆ ಸೇರಿಸದ ಹುಡುಗ ಹೈಸ್ಕೂಲಿಗೆ ಬರುವಷ್ಟರಲ್ಲಿ ಎಲ್ಲರೂ ಅನುಕರಿಸುವ ಹೀರೋ ಆಗುತ್ತಾನೆ.

ಹೆಣ್ಣುಮಕ್ಕಳಲ್ಲೂ ಇದೇ ನಡೆಯುತ್ತದೆ ಎಂಬುದಕ್ಕೆ ಡುನೆಡಿನ್ ಒಂದು ಸೊಗಸಾದ ಪುರಾವೆ ಕೊಟ್ಟಿತು. ಓರಗೆಯವರಿಗಿಂತ ಬೇಗ ಮೈನೆರೆದ ಹುಡುಗಿಯರು ಹೆಚ್ಚು ನಿಯಮ ಮುರಿಯುತ್ತಾರೆಯೇ ಎಂದು ನೋಡಿದಾಗ, ಹುಡುಗರೂ ಇದ್ದ ಶಾಲೆಗಳಲ್ಲಿ ಹೌದು ಎಂಬ ಉತ್ತರ ಬಂತು. ಬರೀ ಹುಡುಗಿಯರ ಶಾಲೆಗಳಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಬದಲಾದ ಮೈಯೊಂದೇ ಯಾರನ್ನೂ ತಪ್ಪಿಗೆ ತಳ್ಳುವುದಿಲ್ಲ. ತಪ್ಪನ್ನು ಮಾಡಿ ತೋರಿಸುವವರೂ ಸುತ್ತ ಇರಬೇಕು. ಗಂಡು ಹೆಣ್ಣಿನ ಲೆಕ್ಕವೂ ಅರ್ಥಪೂರ್ಣ. ಬಾಲ್ಯದಿಂದ ಬಂದ ದಾರಿಯಲ್ಲಿ ಹತ್ತು ಹುಡುಗರಿಗೆ ಒಬ್ಬ ಹುಡುಗಿ ಇದ್ದರೆ, ಹದಿಹರೆಯದ ದಾರಿಯಲ್ಲಿ ಮೂವರು ಹುಡುಗರಿಗೆ ಇಬ್ಬರು ಹುಡುಗಿಯರು ಇದ್ದರು.

ಗೆಳೆಯರ ಎದುರು ಹದಿಹರೆಯದವರು ಬೇರೆಯೇ ಆಗುತ್ತಾರೆ ಎಂದು ಅಮೆರಿಕದ ಇನ್ನೊಬ್ಬ ವಿದ್ವಾಂಸ ಲಾರೆನ್ಸ್ ಸ್ಟೀನ್‌ಬರ್ಗ್ 2005ರಲ್ಲಿ ತೋರಿಸಿದ್ದನ್ನು ಇಲ್ಲೇ ಹೇಳಬೇಕು. ಮಾರ್ಗೋ ಗಾರ್ಡ್ನರ್ ಜೊತೆ ಸೇರಿ ಅವರು 306 ಮಂದಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಓಡಿಸಿದರೆ ಅಷ್ಟು ಅಂಕ. ಕೆಂಪು ಬಂದಾಗ ಇನ್ನೂ ಓಡುತ್ತಿದ್ದರೆ ಕಾರು ಗೋಡೆಗೆ ಬಡಿದು ಅಂಕ ಹೋಗಬಹುದು. ಕೆಲವರು ಒಬ್ಬರೇ ಆಡಿದರು, ಕೆಲವರ ಪಕ್ಕದಲ್ಲಿ ಅವರದೇ ವಯಸ್ಸಿನ ಇಬ್ಬರು ಗೆಳೆಯರು ನಿಂತಿದ್ದರು. ಇಪ್ಪತ್ತನಾಲ್ಕು ದಾಟಿದವರಿಗೆ ಗೆಳೆಯರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 13ರಿಂದ 16ರವರಾದರೋ ಗೆಳೆಯರ ಮುಂದೆ, ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ಹದಿಹರೆಯದ ತಪ್ಪುಗಳು ಹೆಚ್ಚಾಗಿ ಗುಂಪಿನಲ್ಲಿ ನಡೆಯುವುದು ಏಕೆ ಎಂದು ಇದು ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಎರಡು ದಾರಿಗಳು ಹದಿನೈದು ಹದಿನಾರರ ಆಸುಪಾಸಿನಲ್ಲಿ ಒಂದರ ಮೇಲೊಂದು ಬಂದು ಕೂಡುತ್ತವೆ. ಎಷ್ಟು ಸಲ ತಪ್ಪು ಮಾಡಿದ, ಎಂಥ ತಪ್ಪು ಮಾಡಿದ, ಗೆಳೆಯರು ಯಾರು ಎಂದು ಆ ವಯಸ್ಸಿನಲ್ಲಿ ಕೇಳಿದರೆ ಇಬ್ಬರ ಉತ್ತರವೂ ಹೆಚ್ಚುಕಡಿಮೆ ಒಂದೇ. ಬೇರೆ ಮಾಡುವುದು ಅವರ ಬಾಲ್ಯ ಮಾತ್ರ. ಹಾಗಾಗಿ ಅವನು ಮಾಡಿದ ಕೃತ್ಯವನ್ನು ನೋಡಿ ಅವನ ಮುಂದಿನ ಐವತ್ತು ವರ್ಷಗಳನ್ನು ತೀರ್ಮಾನಿಸಲು ಸಾಧ್ಯವೇ ಇಲ್ಲ. 2005ರಲ್ಲಿ ಹದಿನೆಂಟಕ್ಕಿಂತ ಕೆಳಗಿನವರ ಮರಣದಂಡನೆಯನ್ನು ರದ್ದು ಮಾಡುವಾಗ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಕಾರಣಗಳಲ್ಲಿ ಇದೂ ಒಂದು: ಎಳೆತನದಿಂದ ತಪ್ಪು ಮಾಡಿದವನನ್ನೂ ಸರಿಹೋಗದ ಸ್ವಭಾವದವನನ್ನೂ ಬೇರ್ಪಡಿಸುವುದು ನುರಿತ ಮನಶ್ಶಾಸ್ತ್ರಜ್ಞರಿಗೂ ಕಷ್ಟ.

ಆ ದೇಶ ಈ ಮಾತಿಗೆ ಬರುವ ಮುನ್ನ ದೊಡ್ಡ ಬೆಲೆ ತೆತ್ತಿತ್ತು. 1995ರಲ್ಲಿ ಜಾನ್ ಡಿಯುಲಿಯೊ ಎಂಬ ರಾಜ್ಯಶಾಸ್ತ್ರಜ್ಞ, ಕರುಣೆಯೇ ಇಲ್ಲದ ಹೊಸ ಪೀಳಿಗೆಯ ಹುಡುಗರು ಬರುತ್ತಿದ್ದಾರೆ ಎಂದು ಬರೆದರು. ಆ ಹೊತ್ತಿಗಾಗಲೇ ಹರಡಿದ್ದ ಭಯ ಇನ್ನಷ್ಟು ಬಲಿತು, ರಾಜ್ಯ ರಾಜ್ಯಗಳೇ ಮಕ್ಕಳನ್ನು ವಯಸ್ಕರ ಕೋರ್ಟಿಗೆ ಕಳಿಸುವ ಕಾನೂನುಗಳನ್ನು ಬಿಗಿ ಮಾಡಿದವು. ಅವರು ಹೇಳಿದ ಪೀಳಿಗೆ ಬರಲೇ ಇಲ್ಲ. ಅಪ್ರಾಪ್ತರ ಅಪರಾಧ ಇಳಿಯಿತು. 2012ರಲ್ಲಿ, ಬಾಲಾಪರಾಧಿಗಳಿಗೆ ಬಿಡುಗಡೆಯೇ ಇಲ್ಲದ ಜೀವಾವಧಿಯನ್ನು ಕಡ್ಡಾಯವಾಗಿ ವಿಧಿಸುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಮನವಿಗೆ ಡಿಯುಲಿಯೊ ಅವರೇ ಸಹಿ ಹಾಕಿದರು. ಆದರೆ ಆ ನಡುವಿನ ವರ್ಷಗಳಲ್ಲಿ ವಯಸ್ಕರ ಕೋರ್ಟಿಗೆ ಹೋದ ಮಕ್ಕಳು ಏನಾದರು? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿದ 2007ರ ಪರಿಶೀಲನೆಯ ಪ್ರಕಾರ, ಅಂಥವರು ಮತ್ತೆ ಬಂಧನಕ್ಕೆ ಒಳಗಾಗುವುದು ಬಾಲ ನ್ಯಾಯದ ವ್ಯವಸ್ಥೆಯಲ್ಲೇ ಉಳಿದವರಿಗಿಂತ ಸುಮಾರು ಶೇ 34ರಷ್ಟು ಹೆಚ್ಚಿತ್ತು. ಸಮಾಜವನ್ನು ಕಾಯಲು ಮಾಡಿದ ಕಾನೂನು ಸಮಾಜಕ್ಕೇ ಅಪಾಯ ತಂದಿತು.

ಏಕೆ ಹೀಗೆ ಎಂಬುದಕ್ಕೂ ಮಾಫಿಟ್ ಅವರಲ್ಲಿ ಉತ್ತರವಿದೆ. ಹದಿಹರೆಯದ ದಾರಿಯವರು ತಾವಾಗಿಯೇ ಹೊರಬರುತ್ತಾರೆ, ಆದರೆ ದಾರಿಯಲ್ಲಿ ಕೆಲವು ಉರುಲುಗಳಿವೆ ಎನ್ನುತ್ತಾರೆ ಅವರು. ಅಪರಾಧಿ ಎಂಬ ದಾಖಲೆ, ಜೈಲುವಾಸ, ಮಾದಕ ವಸ್ತುವಿನ ಚಟ, ಅರ್ಧಕ್ಕೆ ನಿಂತ ಓದು, ಸಣ್ಣ ವಯಸ್ಸಿನಲ್ಲೇ ಹೆಗಲೇರಿದ ಮಗು. ಇವುಗಳಲ್ಲಿ ಒಂದಕ್ಕೆ ಸಿಕ್ಕಿಕೊಂಡರೂ ಸಾಕು, ಹತ್ತೊಂಬತ್ತಕ್ಕೆ ಮುಗಿಯಬೇಕಾದ ಕಥೆ ಮೂವತ್ತರವರೆಗೆ ಎಳೆಯುತ್ತದೆ. 26ರ ವಯಸ್ಸಿನಲ್ಲಿ ನೋಡಿದಾಗ ಮಾಫಿಟ್ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮಂದಿ ಈ ದಾರಿಯವರು ಇನ್ನೂ ಕಳ್ಳತನ, ಮಾದಕ ವಸ್ತುಗಳ ಪ್ರಕರಣಗಳಲ್ಲಿ ಉಳಿದಿದ್ದರು. ಮಾಫಿಟ್ ಅದನ್ನು ಮುಚ್ಚಿಡಲಿಲ್ಲ. ಉದ್ಯೋಗ, ಮದುವೆ ಎರಡೂ ಮುಂದೆ ಮುಂದೆ ಹೋಗುತ್ತಿರುವ ಕಾಲದಲ್ಲಿ ಹದಿಹರೆಯವೇ ಉದ್ದವಾಗುತ್ತಿದೆ ಎಂದು ಬರೆದರು. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಾ ಕೂತ ಹುಡುಗರನ್ನು ನಮ್ಮ ಯಾವ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಾದರೂ ನೋಡಬಹುದು; ಈ ಮಾತು ಅವರಿಗೂ ಸಲ್ಲುತ್ತದೆ.

ಗಂಭೀರ ಅಪರಾಧ ಮಾಡಿದವರ ಕಥೆ ಬೇರೆ ಅಲ್ಲವೇ ಎಂದು ಓದುಗರು ಕೇಳಬಹುದು. ಅದಕ್ಕೂ ಅಧ್ಯಯನವಿದೆ. ಫಿಲಡೆಲ್ಫಿಯಾ ಮತ್ತು ಫೀನಿಕ್ಸ್ ನಗರಗಳಲ್ಲಿ ಗಂಭೀರ ಪ್ರಕರಣಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ 1,354 ಹದಿಹರೆಯದವರನ್ನು ಎಡ್ವರ್ಡ್ ಮಲ್ವಿ ನೇತೃತ್ವದ ತಂಡ ಏಳು ವರ್ಷ ಹಿಂಬಾಲಿಸಿತು. ಅವರಲ್ಲೂ ಬಹುಪಾಲು ಮಂದಿ ಅಪರಾಧವನ್ನು ಕಡಿಮೆ ಮಾಡಿದರು. ಸಂಸ್ಥೆಗಳಲ್ಲಿ ಹೆಚ್ಚು ತಿಂಗಳು ಕೂಡಿಹಾಕಿದ್ದರಿಂದ ಹೆಚ್ಚು ಲಾಭವೇನೂ ಕಾಣಲಿಲ್ಲ. ಚಟ ಬಿಡಿಸುವ ಚಿಕಿತ್ಸೆ, ಅದರಲ್ಲೂ ಮನೆಯವರನ್ನು ಸೇರಿಸಿಕೊಂಡದ್ದು, ಫಲ ಕೊಟ್ಟಿತು.

ಮಾಫಿಟ್ ಸಿದ್ಧಾಂತಕ್ಕೆ ಬಲವಾದ ಎದುರುವಾದವೂ ಇದೆ. ಬಾಸ್ಟನ್ನಿನ ಗ್ಲೂಕ್ ದಂಪತಿ 500 ಬಾಲಾಪರಾಧಿಗಳ ಬಗ್ಗೆ ಕಲೆಹಾಕಿದ ಕಾಗದಪತ್ರಗಳು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಜಾನ್ ಲಾಬ್ ಅವನ್ನು 1980ರ ದಶಕದಲ್ಲಿ ಕಂಡುಕೊಂಡರು. ರಾಬರ್ಟ್ ಸ್ಯಾಂಪ್ಸನ್ ಜೊತೆಗೂಡಿ ಆ ಹುಡುಗರ ಬದುಕನ್ನು ಎಪ್ಪತ್ತನೇ ವಯಸ್ಸಿನವರೆಗೆ ಹಿಂಬಾಲಿಸಿದರು. ಅವರಿಗೆ ಕಂಡದ್ದು: ಅತ್ಯಂತ ಕೆಟ್ಟ ಬಾಲ್ಯ ಕಂಡವರೂ ಒಂದಲ್ಲ ಒಂದು ದಿನ ಅಪರಾಧ ಬಿಡುತ್ತಾರೆ. ಒಳ್ಳೆಯ ಸಂಗಾತಿ, ನಿಂತ ಕೆಲಸ, ಸೈನ್ಯದ ಸೇವೆ, ಹಳೆಯ ಓಣಿ ಬಿಟ್ಟು ಹೋದದ್ದು ಅವರನ್ನು ತಿರುಗಿಸಿತು. ಯಾರು ಯಾವಾಗ ತಿರುಗುತ್ತಾರೆ ಎಂದು ಬಾಲ್ಯ ನೋಡಿ ಹೇಳಲಾಗದು ಎಂದರು ಅವರು. ಡುನೆಡಿನ್‌ನಲ್ಲಿಯೂ ಚಿಕ್ಕಂದಿನಲ್ಲಿ ಬಹಳ ತೊಂದರೆ ಕೊಟ್ಟು ಹದಿಹರೆಯದಲ್ಲಿ ಅಷ್ಟಾಗಿ ಅಪರಾಧ ಮಾಡದ ಹುಡುಗರ ಒಂದು ಗುಂಪೇ ಇತ್ತು. 2020ರಲ್ಲಿ 672 ಮಂದಿಯ ಮೆದುಳಿನ ಚಿತ್ರಗಳನ್ನು ಹೋಲಿಸಿದಾಗ, ಬಾಲ್ಯದಿಂದ ಅಪರಾಧದ ದಾರಿಯಲ್ಲೇ ಉಳಿದವರ ಮೆದುಳಿನ ಹೊರಪದರ ಸರಾಸರಿಯಲ್ಲಿ ತೆಳುವಾಗಿ ಕಂಡಿತು. ಹದಿಹರೆಯದಲ್ಲಷ್ಟೇ ತಪ್ಪಿದವರದು ಉಳಿದವರಂತೆಯೇ ಇತ್ತು. ಅದು ಕಾರಣವೋ, ದಶಕಗಳ ಕುಡಿತ ಮತ್ತು ಹೊಡೆದಾಟದ ಪರಿಣಾಮವೋ ಆ ಚಿತ್ರ ಹೇಳದು. ಹಾಗಾಗಿ ಮೂರು ವರ್ಷದ ಮಗುವಿಗೆ ‘ನಾಳೆಯ ಅಪರಾಧಿ’ ಎಂಬ ಹಣೆಪಟ್ಟಿ ಹಚ್ಚಲು ಈ ಸಂಶೋಧನೆಯನ್ನು ಯಾರಾದರೂ ಬಳಸಿದರೆ ಅದು ಘೋರ ಅನ್ಯಾಯ. ಅದು ಹೇಳುವುದು, ಆ ಮಗುವಿಗೆ ಮಾತು ಕಲಿಸಿ, ತಾಯಿಗೆ ಆಸರೆ ಕೊಡಿ, ಮೊದಲ ತರಗತಿಯಲ್ಲೇ ಓದು ಹಿಡಿಸಿ ಎಂದು.

ನಮ್ಮ ದೇಶದ ಮಾತಿಗೆ ಬರುತ್ತೇನೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಯ ಆರೋಪಿಗಳಲ್ಲಿ ಒಬ್ಬ ಹದಿನೆಂಟರ ಕೆಳಗಿನವನು. ಮಗಳನ್ನು ಕಳೆದುಕೊಂಡ ಮನೆಯ ನೋವಿನ ಮುಂದೆ ಯಾವ ಸಂಶೋಧನೆಯೂ ಸಾಂತ್ವನವಾಗದು. ಅವರ ಸಿಟ್ಟು ನ್ಯಾಯವಾದದ್ದು. ಆ ಘಟನೆಯ ಬಳಿಕ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ, ಎಲ್ಲವನ್ನೂ ತೂಗಿ, ಬಾಲಾಪರಾಧಿ ಎನ್ನುವ ವಯಸ್ಸಿನ ಮಿತಿ ಇಳಿಸುವುದು ಬೇಡ ಎಂದಿತು. ಆದರೂ 2015ರ ಡಿಸೆಂಬರ್ 22ರಂದು ರಾಜ್ಯಸಭೆ ಒಪ್ಪಿದ ಬಾಲ ನ್ಯಾಯ ಕಾಯ್ದೆ ಹದಿನಾರರಿಂದ ಹದಿನೆಂಟರ ನಡುವಿನವರಿಗೆ ಬೇರೆ ಬಾಗಿಲು ತೆರೆಯಿತು. ಕನಿಷ್ಠ ಏಳು ವರ್ಷದ ಶಿಕ್ಷೆಯಿರುವ ಘೋರ ಅಪರಾಧವಾದರೆ, ಸೆಕ್ಷನ್ 15ರ ಅಡಿ ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು: ಆ ಕೃತ್ಯ ಎಸಗಲು ಮಗುವಿಗೆ ಮಾನಸಿಕ, ದೈಹಿಕ ಸಾಮರ್ಥ್ಯವಿತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸಂದರ್ಭದಲ್ಲಿ ಎಸಗಿತು. ಆ ಮೇಲೆ ಬೇಕಿದ್ದರೆ ವಯಸ್ಕನಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಈ ಪ್ರಶ್ನೆಗಳೇ ತಪ್ಪು ಜಾಗದಲ್ಲಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಡೆದರೆ ಸಾಯುತ್ತಾರೆ ಎಂದು ಹದಿನಾರರ ಹುಡುಗನಿಗೆ ಗೊತ್ತೇ ಎಂದು ಶಾಂತವಾದ ಕೋಣೆಯಲ್ಲಿ ಕೂರಿಸಿ ಕೇಳಿದರೆ ಗೊತ್ತು ಎನ್ನುತ್ತಾನೆ. ಆ ಕೋಣೆಯಲ್ಲಿ ಅವನ ಗೆಳೆಯರಿಲ್ಲ, ಸಿಟ್ಟಿಲ್ಲ, ಕುಡಿತವಿಲ್ಲ. ಸ್ಟೀನ್‌ಬರ್ಗ್ ಅವರ ಆಟದಲ್ಲಿ ಒಬ್ಬನೇ ಕೂತಾಗ ಜಾಣನಾಗಿದ್ದ ಹುಡುಗನೇ ಅವನು. 2022ರ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನು ಬಹುಮಟ್ಟಿಗೆ ಮನಗಂಡಿತು. ಮಾನಸಿಕ ಸಾಮರ್ಥ್ಯ ಬೇರೆ, ಪರಿಣಾಮ ಅರಿಯುವ ಶಕ್ತಿ ಬೇರೆ. ಬರೀ ಬುದ್ಧಿಮತ್ತೆಯ ಅಂಕ ನೋಡಿ ತೀರ್ಮಾನಿಸಬಾರದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದಿತು. ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟಿರುವುದು ಮೂರು ತಿಂಗಳು. ಆ ಗಡುವು ಕಡ್ಡಾಯವಲ್ಲ ಎಂದು 2024ರ ಮೇನಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟದ್ದು ಕರ್ನಾಟಕದ ಪ್ರಕರಣವೊಂದರಲ್ಲೇ. ಸಮಯ ಸಿಕ್ಕಿತು, ಒಳ್ಳೆಯದು. ಆ ಸಮಯದಲ್ಲಿ ಏನನ್ನು ಕೇಳುತ್ತೇವೆ ಎನ್ನುವುದೇ ದೊಡ್ಡದು.

ನಮ್ಮ ಕಾಯ್ದೆಯಲ್ಲಿ ಒಳ್ಳೆಯದು ಬಹಳ ಇದೆ. ಮಂಡಳಿ ಎತ್ತರದ ವೇದಿಕೆಯ ಮೇಲೆ ಕೂರಬಾರದು, ಮಗುವಿಗೂ ಅವರಿಗೂ ನಡುವೆ ಕಟಕಟೆ ಇರಬಾರದು ಎನ್ನುತ್ತವೆ 2016ರ ನಿಯಮಗಳು. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮಗುವಿನ ಹೆಸರು, ಶಾಲೆ, ಫೋಟೊ ಪ್ರಕಟಿಸುವಂತಿಲ್ಲ. ಸೆಕ್ಷನ್ 24ರ ಪ್ರಕಾರ ಪ್ರಕರಣ ಮುಗಿದ ಮೇಲೆ ಆ ಕಾರಣಕ್ಕೆ ಅವನಿಗೆ ಯಾವ ಅನರ್ಹತೆಯೂ ಅಂಟಬಾರದು, ಮೇಲ್ಮನವಿಯ ಅವಧಿ ಕಳೆದ ಬಳಿಕ ದಾಖಲೆ ನಾಶವಾಗಬೇಕು. ಉರುಲು ಬಿಡಿಸುವ ಕೆಲಸವೆಂದರೆ ಇದೇ. ಆದರೆ ಇದೇ ಸೆಕ್ಷನ್‌ಗೆ ಒಂದು ಬಾಲಂಗೋಚಿಯಿದೆ: ವಯಸ್ಕನಂತೆ ವಿಚಾರಣೆಗೆ ಒಳಗಾಗಿ ತಪ್ಪಿತಸ್ಥನೆಂದು ತೀರ್ಮಾನವಾದ ಹದಿನಾರು ಮೀರಿದವರಿಗೆ ಈ ರಕ್ಷಣೆ ಇಲ್ಲ. ಅಂದರೆ ಯಾರಿಗೆ ಹೊಸ ಬದುಕು ಅತ್ಯಂತ ಕಷ್ಟವೋ ಅವರ ಕೊರಳಿಗೇ ಕಾನೂನು ದಾಖಲೆಯನ್ನು ಕಟ್ಟಿಡುತ್ತದೆ. ಸಂಸತ್ತು ಇದನ್ನು ಮರಳಿ ನೋಡಬೇಕು.

ಅಲ್ಲಿಯವರೆಗೆ ಕೈಯಲ್ಲಿರುವ ಒಂದು ಕಾಗದವನ್ನಾದರೂ ನಾವು ಸರಿಯಾಗಿ ಬಳಸಬೇಕು. ಮಗು ಮಂಡಳಿಯ ಮುಂದೆ ಬಂದಾಗ ಪ್ರೊಬೇಷನ್ ಅಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆ ಹೇಗಿದೆ, ಶಾಲೆ ಏಕೆ ಬಿಟ್ಟ, ಹೊಡೆತ ತಿಂದಿದ್ದನೇ, ಚಟವಿದೆಯೇ, ಗೆಳೆಯರು ಯಾರು ಎಂದು ಅದರಲ್ಲಿ ಬರೆಯಬೇಕು. ಮಾಫಿಟ್ ಅವರ ಸಂಶೋಧನೆ ಕೇಳುವ ಪ್ರಶ್ನೆಗಳು ಇವೇ. ಆದರೆ ಒಬ್ಬರ ತಲೆಯ ಮೇಲೆ ಹತ್ತಾರು ಪ್ರಕರಣ ಹೊರಿಸಿದರೆ ಆ ವರದಿ ‘ಕೂಲಿ ಕುಟುಂಬ, ಕೆಟ್ಟ ಸಹವಾಸ’ ಎಂಬ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಒಂದನೇ ತರಗತಿಯ ಮೇಷ್ಟ್ರನ್ನು, ಅಂಗನವಾಡಿಯ ಟೀಚರನ್ನು, ಅಜ್ಜಿಯನ್ನು ಮಾತಾಡಿಸಿ ಬಂದ ವರದಿ ಹುಡುಗನ ಹಣೆಬರಹ ಹೇಳುವುದಿಲ್ಲ. ಅವನಿಗೆ ಏನು ಬೇಕು ಎಂದು ಹೇಳುತ್ತದೆ. ಒಬ್ಬನಿಗೆ ಗೆಳೆಯರ ಗುಂಪಿನಿಂದ ಬಿಡಿಸಿ ಶಾಲೆಗೆ ಮರಳಿಸಿದರೆ ಸಾಕು. ಇನ್ನೊಬ್ಬನಿಗೆ ವರ್ಷಗಟ್ಟಲೆ ಚಿಕಿತ್ಸೆ, ಓದು, ಕಸುಬು, ಅವನ ಮನೆಗೂ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಮಕ್ಕಳ ರಕ್ಷಣೆಯಲ್ಲಿ ಇರುವವರಿಗೆ ತರಬೇತಿ ಕೊಡುವ ‘ಸಂವಾದ’ ಎಂಬ ಯೋಜನೆ ಅಲ್ಲೇ ನಡೆಯುತ್ತಿದೆ. ಆ ಅರಿವು ಜಿಲ್ಲೆ ಜಿಲ್ಲೆಯ ಮಂಡಳಿಯ ಮೇಜಿಗೆ ಬರಬೇಕು.

ರಾಜ್ಯ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು: ಪ್ರೊಬೇಷನ್ ಅಧಿಕಾರಿಗಳ ಹುದ್ದೆಗಳನ್ನು ಖಾಲಿ ಬಿಡಬೇಡಿ, ಅವರಿಗೆ ಊರೂರಿಗೆ ಹೋಗಿಬರುವ ಭತ್ಯೆ ಮತ್ತು ಸಮಯ ಕೊಡಿ. ಮುಖ್ಯೋಪಾಧ್ಯಾಯರಲ್ಲಿ ಇನ್ನೊಂದು: ಠಾಣೆ ಮೆಟ್ಟಿಲು ಹತ್ತಿ ಬಂದ ಹುಡುಗನ ಕೈಗೆ ಟಿಸಿ ಕೊಟ್ಟು ಕಳಿಸಬೇಡಿ, ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸಿ.